ಟೆಕ್ಸಾಸ್‌ನಲ್ಲಿ ಚುಕ್ಕೆ ಜಿಂಕೆ, 400 ಗಜ: .270, 6.5 ಕ್ರೀಡ್‌ಮೋರ್, 7 ಎಂಎಂ ಮ್ಯಾಗ್ನಮ್ – ಯಾವ ತೋಟಾ?

ಉದ್ಯಾವರ_ಹೊಳೆಬದಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ವರ್ಷ ಎಚ್-1ಬಿ ವೀಸಾದಲ್ಲಿ ಎರಡು ವರ್ಷಕ್ಕೆ ಸ್ಯಾನ್ ಆಂಟೋನಿಯೋಗೆ ಹೋಗಲಿಕ್ಕುಂಟು. ಅಲ್ಲಿಯ ಹಿಲ್ ಕಂಟ್ರಿಯ ರಾಂಚ್‌ಗಳಲ್ಲಿ ನಮ್ಮ ಚುಕ್ಕೆ ಜಿಂಕೆಯನ್ನೇ ವರ್ಷವಿಡೀ ಬೇಟೆಯಾಡಲು ಕಾನೂನಿನ ಅವಕಾಶ ಇದೆ. 1932ರ ಸುಮಾರಿಗೆ ಅಲ್ಲಿಗೆ ತಂದು ಬಿಟ್ಟ ಪ್ರಾಣಿ ಅದು. ಎರಡನೇ ವರ್ಷ ವಯೋಮಿಂಗ್‌ನ ಬಯಲಿನಲ್ಲಿ ಮ್ಯೂಲ್ ಡೀರ್‌ಗೂ ಅರ್ಜಿ ಹಾಕುವ ಅಂದಾಜು. (ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ಮುಗಿದ ಮಾತು. ಇಲ್ಲಿಯ ಕಾಡಿನ ಬಗ್ಗೆ ಈ ಪ್ರಶ್ನೆ ಖಂಡಿತ ಅಲ್ಲ.)

ಕೈಗೆ ಅಭ್ಯಾಸ ಇರುವುದು ಕ್ಲಬ್ಬಿನ .22, 50 ಮೀಟರ್, ಮಲಗಿ ಹೊಡೆಯುವುದು. ಮನೆಯಲ್ಲಿ ಬೆಳೆ ರಕ್ಷಣೆಯ ಜೋಡಿ ನಳಿಕೆ ಕೋವಿ ಉಂಟು. ದೊಡ್ಡ ರೈಫಲ್ ಹೊಸತು. ಒಂದೇ ಒಂದು ರೈಫಲ್ ತೆಗೆದುಕೊಳ್ಳುವುದು, ಹೆಚ್ಚೆಂದರೆ 400 ಗಜ. ಗುಂಡು ಆದಷ್ಟು ನೇರ ಓಡಬೇಕು, ಇಳಿತ ಕಡಿಮೆ ಇರಬೇಕು. .270 ವಿಂಚೆಸ್ಟರ್, 6.5 ಕ್ರೀಡ್‌ಮೋರ್, 7 ಎಂಎಂ ರೆಮಿಂಗ್‌ಟನ್ ಮ್ಯಾಗ್ನಮ್ – ಈ ಮೂರರಲ್ಲಿ ಯಾವುದು? ಅಷ್ಟು ದೂರಕ್ಕೆ ಮ್ಯಾಗ್ನಮ್ ಬೇಕೇ ಬೇಕಾ?

ಗುರಿಕಾರ_ಮೂಡುಬಿದಿರೆ

ಒಳ್ಳೆಯ ಪ್ರಶ್ನೆ ಮಾರಾಯ್ರೆ. ಆದರೆ "ನೇರ ಓಡಬೇಕು" ಎಂಬುದನ್ನೇ ಮೊದಲು ಬಿಡಿಸಿ ನೋಡಬೇಕು. ಯಾವ ಗುಂಡೂ ನೇರ ಹೋಗುವುದಿಲ್ಲ. ನಳಿಕೆಯ ಬಾಯಿ ಬಿಟ್ಟ ಕ್ಷಣದಿಂದಲೇ ಬೀಳಲು ಶುರು. ಎಷ್ಟು ಬೇಗ ಆ ದೂರ ಮುಟ್ಟುತ್ತದೆ ಎಂಬುದರ ಮೇಲೆ ಇಳಿತ ನಿಂತಿದೆ. ಮೂರಕ್ಕೂ 200 ಗಜಕ್ಕೆ ಝೀರೋ ಮಾಡಿದೆ (ಆ ದೂರದಲ್ಲಿ ಗುರಿ ಹಿಡಿದಲ್ಲೇ ಗುಂಡು ಬೀಳುವ ಹಾಗೆ ಸ್ಕೋಪ್ ಹೊಂದಿಸಿದೆ) ಎಂದು ಇಟ್ಟುಕೊಳ್ಳಿ, ಸ್ಕೋಪ್ ನಳಿಕೆಗಿಂತ ಒಂದೂವರೆ ಇಂಚು ಮೇಲೆ. ಲೆಕ್ಕ ಹೀಗೆ ಬರುತ್ತದೆ, ಎಲ್ಲವೂ ಸುಮಾರು:

.270, 130 ಗ್ರೇನ್ ತೂಕದ ಗುಂಡು, ವೇಗ ಸೆಕೆಂಡಿಗೆ 3060 ಅಡಿ: 300 ಗಜದಲ್ಲಿ ಆರೂವರೆ ಇಂಚು ಇಳಿತ, 400ರಲ್ಲಿ 18 ಇಂಚು. ಗಂಟೆಗೆ 10 ಮೈಲಿಯ ಅಡ್ಡಗಾಳಿಗೆ 400ರಲ್ಲಿ 11 ಇಂಚು ಸರಿಯುತ್ತದೆ. ಅಲ್ಲಿ ಉಳಿಯುವ ಶಕ್ತಿ 1500 ಅಡಿ-ಪೌಂಡ್.

6.5 ಕ್ರೀಡ್‌ಮೋರ್, 143 ಗ್ರೇನ್, 2700 ಅಡಿ: 300ರಲ್ಲಿ 8 ಇಂಚು, 400ರಲ್ಲಿ 23. ಗಾಳಿಗೆ 9 ಇಂಚು. ಶಕ್ತಿ ಇದಕ್ಕೂ 1500ರ ಹತ್ತಿರವೇ.

7 ಎಂಎಂ ಮ್ಯಾಗ್ನಮ್, 162 ಗ್ರೇನ್, 2940 ಅಡಿ: 300ರಲ್ಲಿ ಆರೂವರೆ, 400ರಲ್ಲಿ 18. ಗಾಳಿಗೆ 8 ಇಂಚು. ಶಕ್ತಿ 2000.

ಒಂದು ಸಂಗತಿ ಗಮನಿಸಿ. 1925ರ .270 ಮತ್ತು 1962ರ ಮ್ಯಾಗ್ನಮ್, ಇಳಿತದಲ್ಲಿ 400 ಗಜದವರೆಗೆ ಅಕ್ಕಪಕ್ಕವೇ. ಮ್ಯಾಗ್ನಮ್ ಕೊಡುವುದು ಭಾರದ ಗುಂಡು, ಗಾಳಿಗೆ ಮೂರು ಇಂಚು ಕಡಿಮೆ ಸರಿತ, 500 ಅಡಿ-ಪೌಂಡ್ ಹೆಚ್ಚು ಶಕ್ತಿ. ಅದರ ಬೆಲೆ ನಿಮ್ಮ ಭುಜ ಕೊಡಬೇಕು. 8 ಪೌಂಡ್ ತೂಕದ ರೈಫಲ್‌ನಲ್ಲಿ 6.5ರ ಒದೆತ ಸುಮಾರು 12 ಅಡಿ-ಪೌಂಡ್, .270ರದ್ದು 17, ಮ್ಯಾಗ್ನಮ್‌ನದ್ದು 22–23. .22ರಿಂದ ನೇರ 23ಕ್ಕೆ ಹಾರಿದರೆ ಮೂರನೇ ಡಬ್ಬಿ ಮುಗಿಯುವುದರೊಳಗೆ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚುವ ಅಭ್ಯಾಸ ಕೂತುಬಿಡುತ್ತದೆ. ಅದನ್ನು ಬಿಡಿಸಲು ಒಂದು ವರ್ಷ ಸಾಲದು.

ಮೂಡುಬಿದಿರೆ, ಕಾರ್ಕಳದ ಕಡೆ ಹಿರಿಯರ ಹತ್ತಿರ ಇದ್ದ .315 ರೈಫಲ್ ನೋಡಿದವರಿಗೆ ಈ ಮೂರೂ ನೇರ ಗೆರೆಯ ಹಾಗೆಯೇ ಕಾಣುತ್ತವೆ. ಅದರ 244 ಗ್ರೇನ್ ಗುಂಡು 2000 ಅಡಿಯ ಆಸುಪಾಸಿನಲ್ಲಿ ಹೊರಡುತ್ತದೆ, 200 ಗಜಕ್ಕೇ ಗುರಿಯನ್ನು ಎತ್ತಿ ಹಿಡಿಯಬೇಕು.

ಇನ್ನು ಮುಖ್ಯ ವಿಷಯ. ನೇರ ಓಡುವ ತೋಟಾ ಬೇಕು ಎಂಬ ಆಸೆ ಹುಟ್ಟಿದ್ದು ದೂರವನ್ನು ಕಣ್ಣಂದಾಜಿನಲ್ಲಿ ಅಳೆಯುತ್ತಿದ್ದ ಕಾಲದಲ್ಲಿ. 400 ಗಜದ ಹತ್ತಿರ ದೂರದ ಅಂದಾಜು 25 ಗಜ ತಪ್ಪಿದರೆ .270 ಸುಮಾರು 4 ಇಂಚು ತಪ್ಪುತ್ತದೆ, 6.5 ಸುಮಾರು 5 ಇಂಚು. ಇರುವ ವ್ಯತ್ಯಾಸ ಆ ಒಂದು ಇಂಚು. ಈಗ ಲೇಸರ್ ರೇಂಜ್‌ಫೈಂಡರ್ ಕೈಯಲ್ಲಿದ್ದರೆ 25 ಗಜ ತಪ್ಪುವ ಪ್ರಮೇಯವೇ ಇಲ್ಲ. 400 ಎಂದು ತೋರಿಸಿತೋ, ಪ್ರತಿ ಕ್ಲಿಕ್ಕಿಗೆ ಕಾಲು ಎಂಒಎ (ಒಂದು ಎಂಒಎ ಎಂದರೆ 100 ಗಜಕ್ಕೆ ಸುಮಾರು ಒಂದು ಇಂಚಿನ ಕೋನ) ಸರಿಯುವ ಸ್ಕೋಪ್‌ನಲ್ಲಿ .270ಗೆ 17 ಕ್ಲಿಕ್, 6.5ಗೆ 22 ಕ್ಲಿಕ್ ತಿರುಗಿಸಿದರೆ ಇಳಿತದ ಲೆಕ್ಕ ಅಲ್ಲಿಗೆ ಮುಗಿಯಿತು. ಗುಂಡಿನ ದಾರಿಯುದ್ದಕ್ಕೂ ಇರುವ ಗಾಳಿಯನ್ನು ಹೀಗೆ ಸುಲಭವಾಗಿ ಅಳೆದು ಹೇಳುವ ಯಂತ್ರ ಕೈಯಲ್ಲಿರುವುದಿಲ್ಲ. ಹಾಗಾಗಿ ಮೊದಲು ಗಾಳಿ, ಆಮೇಲೆ ಒದೆತ, ಅದರ ನಂತರ ಇಳಿತ – ಈ ಸಾಲಿನಲ್ಲಿ ಆರಿಸಿ. ನಾನು ಹೇಳುವುದಾದರೆ 6.5.

ಗುಂಡು ಗಾಳಿಯನ್ನು ಸೀಳುವ ಗುಣಕ್ಕೆ ಬಿ.ಸಿ. ಎನ್ನುತ್ತಾರೆ. 6.5ರ ಆ 143 ಗ್ರೇನ್ ಗುಂಡಿನದ್ದು .625, .270ಯ ಸಾಮಾನ್ಯ 130 ಗ್ರೇನಿನದ್ದು .46ರ ಹತ್ತಿರ. ಉದ್ದ, ಸಪೂರ ದೋಣಿ ನೀರು ಸೀಳುವ ಹಾಗೆ. ಉದ್ದ ಗುಂಡನ್ನು ಸ್ಥಿರವಾಗಿ ತಿರುಗಿಸಲು ನಳಿಕೆಯ ಒಳಗಿನ ಸುರುಳಿ ಬಿಗಿ ಬೇಕು: 6.5ಗೆ 8 ಇಂಚಿಗೆ ಒಂದು ಸುತ್ತು, ಹಳೆಯ .270ಗಳಲ್ಲಿ 10 ಇಂಚಿಗೆ ಒಂದು. ಅದಕ್ಕೇ .270ಯಲ್ಲಿ 150 ಗ್ರೇನ್ ದಾಟಿದ ಉದ್ದ ಗುಂಡುಗಳು ಕೈಕೊಡುತ್ತವೆ.

ಬೋಳೂರು_ಬೋಟ್

.25-06ನ್ನು ಯಾರೂ ಹೇಳಲಿಲ್ಲವಲ್ಲ! 100 ಗ್ರೇನ್, 3200 ಅಡಿಗೂ ಮೇಲೆ. ಇದಕ್ಕಿಂತ ನೇರ ಬೇಕಾ? ಒದೆತವೂ .270ಗಿಂತ ಕಡಿಮೆ.

ಗುರಿಕಾರ_ಮೂಡುಬಿದಿರೆ

ಒಳ್ಳೆಯ ತೋಟಾವೇ, ಜಿಂಕೆಗೆ ಸಾಕಷ್ಟಾಯಿತು. 300 ಗಜದವರೆಗೆ ಅದು ಇವೆಲ್ಲಕ್ಕಿಂತ ನೇರ ಎಂಬುದೂ ನಿಜ. ಆದರೆ ಆ 100 ಗ್ರೇನ್ ಗುಂಡು ಹಗುರ, ವೇಗ ಬೇಗ ಕಳೆದುಕೊಳ್ಳುತ್ತದೆ, 400ರಲ್ಲಿ ಗಾಳಿಗೆ .270ಗಿಂತಲೂ ಹೆಚ್ಚು ಸರಿಯುತ್ತದೆ. ವಯೋಮಿಂಗ್‌ನ ಬಯಲಿನಲ್ಲಿ ಗಾಳಿ ಇಲ್ಲದ ದಿನ ಹುಡುಕಿದರೂ ಸಿಗುವುದು ಕಷ್ಟ. ಅಲ್ಲದೆ ಅಂಗಡಿಗಳಲ್ಲಿ 6.5 ಮತ್ತು .270ಯ ಡಬ್ಬಿ ಸಿಕ್ಕಷ್ಟು ಸುಲಭವಾಗಿ .25-06ರದ್ದು ಸಿಗುವುದಿಲ್ಲ. ಹೊಸಬರಿಗೆ ಅಭ್ಯಾಸದ ತೋಟಾ ಕೈಗೆಟುಕುವುದು ದೊಡ್ಡ ವಿಷಯ.

ಗಾಳಿಮರ_ಪಣಂಬೂರು

ಗಾಳಿಯ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೇಲಿನ ಲೆಕ್ಕದ ಗಂಟೆಗೆ 10 ಮೈಲಿ ಎಂದರೆ 16 ಕಿಲೋಮೀಟರ್. ಎಲೆ ಮತ್ತು ಸಣ್ಣ ಕಡ್ಡಿಗಳು ಬಿಡದೆ ಅಲ್ಲಾಡುತ್ತಿದ್ದರೆ 8ರಿಂದ 12 ಮೈಲಿ. ಧೂಳು, ಕಾಗದದ ಚೂರು ಎದ್ದು, ಸಣ್ಣ ಕೊಂಬೆ ಓಲಾಡಿದರೆ 13ರಿಂದ 18. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಸಣ್ಣ ಅನೆಮೋಮೀಟರ್ ಹಿಡಿದು ಬೀಚಿನಲ್ಲಿ ನಿಲ್ಲಿ, ಮೊದಲು ಕಣ್ಣಿನಲ್ಲಿ ಅಂದಾಜಿಸಿ, ಆಮೇಲೆ ಯಂತ್ರ ನೋಡಿ. ವಾರದೊಳಗೆ ಅಂದಾಜು ಎರಡು-ಮೂರು ಮೈಲಿಯೊಳಗೆ ಬರುತ್ತದೆ. ಒಂದು ಎಚ್ಚರಿಕೆ: ಗಾಳಿಮರದ ಸದ್ದನ್ನು ನಂಬಬೇಡಿ. ಅದರ ಸೂಜಿಯಂಥ ಕಡ್ಡಿಗಳು ಸಣ್ಣ ಗಾಳಿಗೂ ಸುಯ್ಯೆಂದು ಕೂಗುತ್ತವೆ, ಕಿವಿಗೆ 10 ಮೈಲಿ ಅನಿಸಿದ್ದು ನಿಜದಲ್ಲಿ 5 ಇರಬಹುದು. ಕೆಳಗಿನ ಹುಲ್ಲನ್ನು ನೋಡಿ.

ಎಲ್ಲರೂ ತಪ್ಪುವುದು ಓರೆ ಗಾಳಿಯಲ್ಲಿ. 45 ಡಿಗ್ರಿಯಿಂದ ಬಂದರೆ ಅರ್ಧ ಲೆಕ್ಕ ಹಿಡಿಯುತ್ತಾರೆ. ಅರ್ಧ ಆಗುವುದು 30 ಡಿಗ್ರಿಗೆ, 45ಕ್ಕೆ ನೂರಕ್ಕೆ 70ರಷ್ಟು ಇರುತ್ತದೆ. .270ಯಲ್ಲಿ 400 ಗಜಕ್ಕೆ ಈ ತಪ್ಪಿನಿಂದಲೇ ಎರಡು ಇಂಚು ಹೋಗುತ್ತದೆ. ಇನ್ನೊಂದು, ಹೊಡೆಯುವವನ ಹತ್ತಿರದ ಗಾಳಿಯೇ ಹೆಚ್ಚು ಕೆಲಸ ಮಾಡುವುದು. ನಳಿಕೆ ಬಿಟ್ಟ ಮೊದಲ 100 ಗಜದಲ್ಲಿ ಗುಂಡಿನ ದಿಕ್ಕು ಕೂದಲೆಳೆಯಷ್ಟು ತಿರುಗಿದರೂ ಉಳಿದ 300 ಗಜ ಆ ತಪ್ಪು ಬೆಳೆಯುತ್ತಲೇ ಹೋಗುತ್ತದೆ. ಜಿಂಕೆಯ ಹತ್ತಿರದ ಹುಲ್ಲು ಮಾತ್ರ ನೋಡಿ ಲೆಕ್ಕ ಹಾಕಬೇಡಿ.

ನಮ್ಮ ಕರಾವಳಿಯವರಲ್ಲಿ ಒಂದು ತಪ್ಪು ತಿಳುವಳಿಕೆಯೂ ಉಂಟು: ಸೆಕೆ, ತೇವ ಇದ್ದರೆ ಗಾಳಿ ಭಾರ, ಗುಂಡು ಬೇಗ ಬೀಳುತ್ತದೆ ಎಂದು. ನಿಜ ತಿರುವುಮುರುವು. ನೀರಿನ ಆವಿ ಒಣ ಗಾಳಿಗಿಂತ ಹಗುರ, ಹಾಗಾಗಿ ತೇವದ ಗಾಳಿಯ ಸಾಂದ್ರತೆ ಕೂದಲಷ್ಟು ಕಡಿಮೆಯೇ. ಲೆಕ್ಕಕ್ಕೆ ಸಿಗುವುದು ಎತ್ತರ. ಮಲ್ಪೆಯ ಕಡಲ ಮಟ್ಟಕ್ಕೆ ಹಾಕಿದ ಲೆಕ್ಕ 6000 ಅಡಿಯ ವಯೋಮಿಂಗ್‌ಗೆ ಸರಿಹೊಂದುವುದಿಲ್ಲ. ಅಲ್ಲಿ ಗಾಳಿ ತೆಳು, ಇಳಿತವೂ ಸರಿತವೂ ಕಡಿಮೆ. ಮೊಬೈಲಿನ ಬ್ಯಾಲಿಸ್ಟಿಕ್ ಆ್ಯಪ್‌ಗೆ ಎತ್ತರ ಮತ್ತು ಉಷ್ಣತೆ ಹಾಕಲು ಮರೆಯಬೇಡಿ.

ಇಳಿಜಾರಿಗೆ ಹೊಡೆಯುವುದಿದ್ದರೆ: ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ನಿಂತು ಕೆಳಗೆ ಸ್ವರ್ಣೆಯನ್ನು ನೋಡುತ್ತೀರಲ್ಲ, ಹಾಗೆ ಕೆಳಮುಖವಾಗಿ 30 ಡಿಗ್ರಿಗೆ 400 ಗಜ ತೋರಿಸಿದರೆ ಇಳಿತದ ಲೆಕ್ಕಕ್ಕೆ ಅದು 346 ಗಜ ಮಾತ್ರ. 400ರ ಕ್ಲಿಕ್ ತಿರುಗಿಸಿದರೆ ಗುಂಡು ಬೆನ್ನಿನ ಮೇಲೆ ಹಾರಿಹೋಗುತ್ತದೆ. ಮೇಲ್ಮುಖಕ್ಕೂ ಇದೇ ಲೆಕ್ಕ. ಕೋನ ಸೇರಿಸಿ ತೋರಿಸುವ ರೇಂಜ್‌ಫೈಂಡರನ್ನೇ ಕೊಳ್ಳಿ.

ಕುಂದಾಪ್ರ_ಟು_ಕೆರ್‌ವಿಲ್

ಟೆಕ್ಸಾಸ್‌ನ ಕಡೆಯಿಂದ ಕೆಲವು ಮಾತು. ಮೊದಲಿಗೆ ಕಾನೂನು, ಏಕೆಂದರೆ ಇದರಲ್ಲಿ ಎಡವಿದರೆ ವೀಸಾಕ್ಕೇ ಕುತ್ತು. ಎಚ್-1ಬಿಯಂಥ ವೀಸಾದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ವಿನಾಯಿತಿಗಳಲ್ಲಿ ಒಂದು, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಹಾಗಾಗಿ ರೈಫಲ್ ಮುಟ್ಟುವ ಮೊದಲು ಟೆಕ್ಸಾಸ್‌ನ ಹಂಟಿಂಗ್ ಲೈಸೆನ್ಸ್ ಕೈಯಲ್ಲಿರಬೇಕು. ಅದು ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 1ಕ್ಕೆ ಹೊಸತು ಇಲ್ಲದಿದ್ದರೆ ಮನೆಯ ಕಪಾಟಿನಲ್ಲಿರುವ ರೈಫಲ್ಲೇ ಅಪರಾಧ ಆಗುತ್ತದೆ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಕೋರ್ಸ್ ಕಡ್ಡಾಯ. ಒಮ್ಮೆ ಮಾತ್ರ ಮುಂದೂಡುವ ಅವಕಾಶ ಉಂಟು, ಅದನ್ನು ಬಳಸದೆ ಕೋರ್ಸನ್ನೇ ಮಾಡಿ ಅಣ್ಣ. ಚುಕ್ಕೆ ಜಿಂಕೆ ಅಲ್ಲಿ ಎಕ್ಸಾಟಿಕ್ (ಹೊರಗಿನಿಂದ ತಂದ) ಪ್ರಾಣಿ, ಋತು ಇಲ್ಲ, ಮಿತಿ ಇಲ್ಲ. ಆದರೂ ಲೈಸೆನ್ಸ್ ಮತ್ತು ಜಮೀನಿನ ಮಾಲೀಕರ ಒಪ್ಪಿಗೆ ಎರಡೂ ಬೇಕು.

ಎರಡನೆಯದು ದೂರ. ಹಿಲ್ ಕಂಟ್ರಿಯಲ್ಲಿ ಹೆಚ್ಚಿನ ಹೊಡೆತ 200 ಗಜದ ಒಳಗೆ. ಬ್ಲೈಂಡ್‌ನಿಂದ (ಬೇಟೆಗಾರ ಅಡಗಿ ಕೂರುವ ಗೂಡು) ಫೀಡರ್ (ಜಿಂಕೆಗೆ ಕಾಳು ಉದುರಿಸುವ ಡಬ್ಬಿ) 100 ಗಜದ ಆಸುಪಾಸು ಇರುತ್ತದೆ. ಅಲ್ಲಿ ಈ ಮೂರು ತೋಟಾಗಳ ನಡುವೆ ಜಿಂಕೆಗೆ ಏನೂ ವ್ಯತ್ಯಾಸ ಇಲ್ಲ, ಗುಂಡಿನ ಜಾತಿಗೆ ಉಂಟು. 400 ಗಜದಲ್ಲೂ ಬಿಚ್ಚಿಕೊಳ್ಳಲೆಂದು ಮಾಡಿದ ಮೆದು ಗುಂಡು 60 ಗಜದಲ್ಲಿ ಭುಜದ ಮೂಳೆಗೆ ಬಡಿದರೆ ಮೇಲೆಯೇ ಚೂರಾಗಿ, ಮಾಂಸ ಹಾಳಾಗುತ್ತದೆ, ಒಳಗೆ ಇಳಿಯುವುದಿಲ್ಲ. ಅಂಥ ಗುಂಡಿದ್ದರೆ ಭುಜ ಬಿಟ್ಟು ಅದರ ಹಿಂದಿನ ಪಕ್ಕೆಗೆ ಹೊಡೆಯಿರಿ. ಅಕ್ಯುಬಾಂಡ್‌ನಂಥ ಸೀಸ-ಕವಚ ಬೆಸೆದ ಗುಂಡು ಎರಡು ಕಡೆಗೂ ನಡೆಯುತ್ತದೆ. ಬಾರ್ನ್ಸ್‌ನ ಟಿಟಿಎಸ್‌ಎಕ್ಸ್ ತರಹದ ಪೂರ್ತಿ ತಾಮ್ರದ್ದು ಮೂಳೆ ಒಡೆದು ಹೊರಗೆ ಬರುತ್ತದೆ, ಮಾಂಸದಲ್ಲಿ ಸೀಸದ ಚೂರಿನ ಹೆದರಿಕೆ ಇಲ್ಲ. ಆದರೆ ತಾಮ್ರಕ್ಕೆ ವೇಗ ಬೇಕು. ಸೆಕೆಂಡಿಗೆ 2000 ಅಡಿಗಿಂತ ಕೆಳಗೆ ಅದು ಸರಿಯಾಗಿ ಅರಳದೆ ಪೆನ್ಸಿಲಿನ ಹಾಗೆ ತೂರಿ ಹೋಗಬಹುದು. 6.5ರಲ್ಲಿ ತಾಮ್ರ ಹಾಕುವುದಾದರೆ 120–127 ಗ್ರೇನ್ ಹಾಕಿ, ದೂರ 350 ಗಜಕ್ಕೆ ನಿಲ್ಲಿಸಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. 400 ಗಜಕ್ಕೆ ಗುಂಡು ತಲುಪಲು ಸುಮಾರು ಅರ್ಧ ಸೆಕೆಂಡು. ಜಿಂಕೆ ಮೆಲ್ಲಗೆ ಸೆಕೆಂಡಿಗೆ ಒಂದು ಮೀಟರಿನಂತೆ ನಡೆಯುತ್ತಿದ್ದರೂ ಅಷ್ಟರಲ್ಲಿ ಅರ್ಧ ಮೀಟರ್ ಮುಂದೆ. ಎದೆಗೆ ಹೋಗಬೇಕಾದ್ದು ಹೊಟ್ಟೆಗೆ ಹೋಗುತ್ತದೆ. ಯಾವ ತೋಟಾವೂ ಇದನ್ನು ಸರಿಮಾಡುವುದಿಲ್ಲ. ನಡೆಯುತ್ತಿದ್ದರೆ, ತಲೆ ಎತ್ತಿ ಕಿವಿ ನಿಮಿರಿಸಿ ಹೊರಡಲು ಅಣಿಯಾಗಿದ್ದರೆ, 200 ಗಜದ ಆಚೆ ಬೆರಳು ಕುದುರೆಗೆ ಹೋಗಬಾರದು. ಅದು ಮೇಯುತ್ತಾ ಅಡ್ಡಕ್ಕೆ ನಿಂತಾಗ, ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ. ಅಲ್ಲಿ ನಿಮಗೆ ಸಿಗುವ ಜಾಗ ಎಂಟು ಇಂಚಿನ ತಟ್ಟೆಯಷ್ಟು. ಮಲಗಿ ಅಥವಾ ಕೂತು, ಕೋಲಿನ ಆಸರೆಯಲ್ಲಿ, ತಣ್ಣಗಿನ ನಳಿಕೆಯ ಮೊದಲ ಗುಂಡನ್ನೇ ಹತ್ತಕ್ಕೆ ಒಂಬತ್ತು ಸಲ ಆ ತಟ್ಟೆಯೊಳಗೆ ಇಡಲಾಗುವ ದೂರವೇ ನಿಮ್ಮ ಮಿತಿ. ಅದು 250 ಬಂದರೆ 250.

ಉದ್ಯಾವರ_ಹೊಳೆಬದಿ

ತುಂಬಾ ಉಪಕಾರ ಆಯಿತು. ವೀಸಾದ ಆ ವಿಷಯ ಗೊತ್ತೇ ಇರಲಿಲ್ಲ. 6.5 ಎಂದು ಗಟ್ಟಿ ಮಾಡಿದೆ, 22 ಇಂಚಿನ ನಳಿಕೆ. ಇನ್ನೆರಡು ಸಂಶಯ: ಝೀರೋ 100ಕ್ಕಾ 200ಕ್ಕಾ? ಸ್ಕೋಪ್ ಕೂರಿಸುವುದನ್ನು ಅಂಗಡಿಯವರಿಗೆ ಬಿಡಬಹುದಾ, ಸ್ವತಃ ಮಾಡಬೇಕಾ?

ಗುರಿಕಾರ_ಮೂಡುಬಿದಿರೆ

ಸ್ವತಃ ಮಾಡಿ, ಇಂಚು-ಪೌಂಡಿನ ಟಾರ್ಕ್ ಡ್ರೈವರ್ ಒಂದು ಕೊಳ್ಳಿ. "ರೈಫಲ್ ಗುರಿ ಹಿಡಿಯುವುದಿಲ್ಲ" ಎಂದು ಬರುವ ದೂರುಗಳಲ್ಲಿ ಬಹಳಷ್ಟು ಸ್ಕ್ರೂವಿನ ದೂರುಗಳೇ. ಬೇಸಿನ (ರೈಫಲ್ ಮೇಲೆ ಕೂರುವ ಪಟ್ಟಿ) ಸ್ಕ್ರೂ, ಅದರ ರಂಧ್ರ, ಎರಡನ್ನೂ ಸ್ಪಿರಿಟ್‌ನಲ್ಲಿ ಒರೆಸಿ ಎಣ್ಣೆ ತೆಗೆಯಿರಿ. ಎಣ್ಣೆ ಉಳಿದರೆ ಟಾರ್ಕ್ ಸುಳ್ಳು ಹೇಳುತ್ತದೆ, ನಾಲ್ಕು ಡಬ್ಬಿ ಹೊಡೆಯುವುದರೊಳಗೆ ಸಡಿಲ. ಬೇಸಿಗೆ 20 ಇಂಚು-ಪೌಂಡಿನ ಹತ್ತಿರ, ರಿಂಗಿನ (ಸ್ಕೋಪನ್ನು ಹಿಡಿಯುವ ಬಳೆ) ಮೇಲಿನ ಸ್ಕ್ರೂಗೆ 15ರಿಂದ 18. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ರಿಂಗನ್ನು ಅತಿಯಾಗಿ ಬಿಗಿದರೆ ಸ್ಕೋಪಿನ ಕೊಳವೆ ಜಜ್ಜಿ ಒಳಗಿನ ಕ್ಲಿಕ್ ಅಂಟಿಕೊಳ್ಳುತ್ತದೆ: ನಾಲ್ಕು ಕ್ಲಿಕ್ ತಿರುಗಿಸಿದರೂ ಗುಂಡು ಅಲ್ಲೇ, ಐದನೆಯದಕ್ಕೆ ಒಮ್ಮೆಲೇ ಹಾರುತ್ತದೆ. ಕಣ್ಣಿಗೂ ಸ್ಕೋಪಿಗೂ ಮೂರೂವರೆ ಇಂಚು ಬಿಡಿ, ಇಲ್ಲವಾದರೆ ಹುಬ್ಬಿಗೆ ಪೆಟ್ಟು ಖಂಡಿತ.

ಮೊದಲ ಗುಂಡು 25 ಗಜಕ್ಕೆ. ಅಲ್ಲಿ ಕಾಲು ಎಂಒಎಯ ಒಂದು ಕ್ಲಿಕ್ ಎಂದರೆ ಇಂಚಿನ ಹದಿನಾರನೇ ಒಂದು ಭಾಗ, ಒಂದು ಇಂಚು ತಪ್ಪಿದ್ದರೆ 16 ಕ್ಲಿಕ್. ಕಾಲು ಇಂಚು ಎಂದು ತಿಳಿದು ನಾಲ್ಕೇ ತಿರುಗಿಸಿ ಸ್ಕೋಪ್ ಹಾಳಾಗಿದೆ ಎನ್ನುವವರಿದ್ದಾರೆ. ಆಮೇಲೆ 100 ಗಜದಲ್ಲಿ ಮೂರು ಮೂರು ಗುಂಡಿನ ಗುಂಪು, ನಡುವೆ ನಳಿಕೆ ಕೈಗೆ ತಣ್ಣಗಾಗುವಷ್ಟು ಹೊತ್ತು. 100ರಲ್ಲಿ ಗುಂಪು ಒಂದು ಮುಕ್ಕಾಲು, ಎರಡು ಇಂಚು ಮೇಲೆ ಕೂತರೆ 200ಕ್ಕೆ ಸರಿಯಾಗುತ್ತದೆ. ಆದರೂ 200ರಲ್ಲಿ ಹೊಡೆದೇ ನೋಡಬೇಕು. ನಿಮಗೆ 200ರ ಝೀರೋ ಸರಿ: 250 ಗಜದವರೆಗೆ ಕ್ಲಿಕ್ ಮುಟ್ಟದೆ ನೇರ ಎದೆಗೆ ಹಿಡಿಯಬಹುದು, ಮೂರು-ಮೂರೂವರೆ ಇಂಚಿಗಿಂತ ಹೆಚ್ಚು ಆಚೀಚೆ ಆಗುವುದಿಲ್ಲ. ಅದರಾಚೆ ಮಾತ್ರ ಕ್ಲಿಕ್.

ಡಬ್ಬಿಯ ಮೇಲಿನ 2700 ಅಡಿ 24 ಇಂಚಿನ ನಳಿಕೆಯದ್ದು. ನಿಮ್ಮ 22ರಲ್ಲಿ ಇಂಚಿಗೆ ಸುಮಾರು 25ರಂತೆ 50 ಅಡಿ ಕಡಿಮೆ ಬರುತ್ತದೆ, 400ರಲ್ಲಿ ಇನ್ನೊಂದು ಇಂಚಿನಷ್ಟು ಇಳಿತ. ಕ್ರೋನೋಗ್ರಾಫ್‌ನಲ್ಲಿ ಅಳೆದ ವೇಗವನ್ನೇ ಆ್ಯಪ್‌ಗೆ ಹಾಕಿ. ಬೇರೆ ಡಬ್ಬಿ, ಬೇರೆ ಗುಂಡು ಎಂದಾದರೆ ಝೀರೋವನ್ನು ಮತ್ತೆ ಮೊದಲಿನಿಂದ ನೋಡಬೇಕು.

ಹೋಗುವವರೆಗೆ ಕ್ಲಬ್ಬಿನ .22ನ್ನು ಬಿಡಬೇಡಿ. 10 ಮೈಲಿಯ ಅಡ್ಡಗಾಳಿ 50 ಮೀಟರಿನಲ್ಲಿ ಅದನ್ನು ಇಂಚಿಗಿಂತ ಸ್ವಲ್ಪ ಹೆಚ್ಚೇ ಸರಿಸುತ್ತದೆ. ಮಲಗಿ ಹೊಡೆಯುವುದು ಸಾಕು, ಈಗ ಕೂತು ಮತ್ತು ಮಂಡಿಯೂರಿ.

ಕುಂದಾಪ್ರ_ಟು_ಕೆರ್‌ವಿಲ್

ಹೇಳಲು ಬಿಟ್ಟದ್ದು ಎರಡು. ಹೊಡೆದ ಮೇಲೆ ಜಿಂಕೆ ಓಡಿದರೆ ಹಿಂದೆಯೇ ಓಡಬೇಡಿ. ನಿಂತಿದ್ದ ಜಾಗಕ್ಕೆ ಗುರುತು ಇಟ್ಟು ರಕ್ತ ನೋಡಿ: ನೊರೆಯ ತಿಳಿಗೆಂಪು ಇದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪು ಕೆಂಪಾದರೆ ಯಕೃತ್ತು, ಕಾಯಬೇಕು. ಹಸಿರು ಹುಲ್ಲಿನ ಪಸೆ ಇದ್ದರೆ ಹೊಟ್ಟೆ. ಗಂಟೆಗಟ್ಟಲೆ ಕಾದು, ನಾಯಿ ಇರುವವರನ್ನು ಕರೆಯಿರಿ. ಬೇಸಿಗೆಯ ಟೆಕ್ಸಾಸ್ ನಮ್ಮ ಮೇ ತಿಂಗಳ ಹಾಗೆಯೇ ಸುಡುತ್ತದೆ, ಹಾಗಾಗಿ ಬಿದ್ದದ್ದು ಸಿಕ್ಕಿದ ಕೂಡಲೇ ಕರುಳು ತೆಗೆದು, ಚರ್ಮ ಸುಲಿದು ಐಸಿಗೆ ಹಾಕಬೇಕು. ಐಸಿನ ಪೆಟ್ಟಿಗೆ ಮೊದಲೇ ಗಾಡಿಯಲ್ಲಿರಲಿ.

ಇನ್ನೊಂದು, ಊರಿಗೆ ಬರುವಾಗಿನದ್ದು. ಕೊಂಬು, ಚರ್ಮ ತರುವ ಯೋಚನೆ ಬೇಡ. ಅದು ಟೆಕ್ಸಾಸ್‌ನ ಜಿಂಕೆಯದ್ದು ಎಂದು ಬಜಪೆಯ ಕಸ್ಟಮ್ಸ್ ಕೌಂಟರಿನಲ್ಲಿ ಹೇಳಿ ಪಾರಾಗುವ ಹಾಗಿಲ್ಲ. ಇಲ್ಲಿ ಅದು ಸಂರಕ್ಷಿತ ಪ್ರಾಣಿಯ ಕೊಂಬು. ರೇಂಜಿಗೆ ಒಯ್ದ ಬ್ಯಾಗನ್ನು ವಿಮಾನಕ್ಕೆ ತರಲೇಬೇಡಿ. ತೋಟಾ ಒಂದು ಮೂಲೆಯಲ್ಲಿ ಉಳಿದು ಸ್ಕ್ಯಾನರಿನಲ್ಲಿ ಕಂಡರೆ ಆಯುಧ ಕಾಯ್ದೆಯ ಕೇಸು, ಹೊಡೆದು ಉಳಿದ ತೋಟಾದ ಖಾಲಿ ಚಿಪ್ಪಾದರೂ ಗಂಟೆಗಟ್ಟಲೆ ವಿಚಾರಣೆ. ಹೊರಡುವ ಹಿಂದಿನ ರಾತ್ರಿ ಎಲ್ಲ ಬ್ಯಾಗನ್ನೂ ಮಗುಚಿ ಕೊಡವಿ, ಜಾಕೆಟಿನ ಒಳಕಿಸೆಗೂ ಕೈ ಹಾಕಿ ನೋಡಿ.